ಹಾರರ್ ಗೇಮ್: ಹತ್ತು ನಿಮಿಷ ಆದ್ಮೇಲೆ ದೆವ್ವಕ್ಕೆ ಯಾರೂ ಹೆದರ್ತಿಲ್ಲ, ಬಾಗಿಲಲ್ಲಿ ಬೇರೆ ಸಿಕ್ಕಿಹಾಕ್ಕೊಳ್ತಿದೆ

ಮೂರನೇಮಹಡಿ ಕೇಳಿದ್ದು:

ನಮ್ಮದು ಮೂರು ಜನರ ಸ್ಟುಡಿಯೊ. ಒಬ್ಬರದು ಕೋಡ್, ಒಬ್ಬರದು ಬ್ಲೆಂಡರ್‌ನಲ್ಲಿ 3ಡಿ ಮಾಡೆಲ್ ಮತ್ತು ಟೆಕ್ಸ್ಚರ್, ಇನ್ನೊಬ್ಬರದು ಸೌಂಡ್ ಜೊತೆಗೆ ಉಳಿದ ಎಲ್ಲಾ ಕೆಲಸ. ಎಂಜಿನ್ (ಆಟ ಕಟ್ಟೋ ಸಾಫ್ಟ್‌ವೇರ್) ಗೊಡೊ 4, ಚಿತ್ರ ಬಿಡಿಸೋಕೆ ಅದರ ಫಾರ್ವರ್ಡ್+ ರೆಂಡರರ್. ಫಸ್ಟ್ ಪರ್ಸನ್ ಹಾರರ್: ಮುಚ್ಚಿಹೋದ ಒಂದು ಆಸ್ಪತ್ರೆ, ಅದರೊಳಗೆ ಒಂದೇ ದೆವ್ವ. ಆಟಗಾರನ ಕೈಯಲ್ಲಿ ಟಾರ್ಚ್ ಬಿಟ್ರೆ ಏನೂ ಇಲ್ಲ. ಆಟ ಮುಗಿಸೋಕೆ ಸುಮಾರು 75 ನಿಮಿಷ ಬೇಕು.

ಪ್ಲೇಟೆಸ್ಟ್‌ನಲ್ಲಿ ಎಲ್ಲರೂ ಹೇಳೋದು ಒಂದೇ. ಮೊದಲ ಸಲ ದೆವ್ವ ಎದುರಾದಾಗ ಮೈ ಜುಮ್ ಅನ್ನುತ್ತೆ, ಮೂರನೇ ಸಲಕ್ಕೆ ಅದರ ಸುತ್ತ ಓಡಾಡಿ ಆಟ ಆಡಿಸ್ತಾರೆ. ಈಗಿರೋ ಲಾಜಿಕ್ ಸರಳ: 15 ಮೀಟರ್ ಒಳಗೆ ಆಟಗಾರ ಕಂಡರೆ ಬೆನ್ನಟ್ಟು, ಕಾಣದಿದ್ದರೆ ಗಸ್ತಿಗೆ ವಾಪಸ್ ಹೋಗು. ಅಟ್ಟಿಸಿಕೊಂಡು ಬರುವಾಗ ಅರ್ಧಕ್ಕರ್ಧ ಸಲ ಬಾಗಿಲ ಚೌಕಟ್ಟಿಗೆ ಭುಜ ಉಜ್ಜುತ್ತಾ ನಿಂತುಬಿಡುತ್ತೆ. ಕೆಲವು ಬಾಗಿಲುಗಳ ಕಡೆ ಬರೋದೇ ಇಲ್ಲ, ಅಲ್ಲಿ ದಾರಿಯೇ ಇಲ್ಲ ಅನ್ನೋ ಹಾಗೆ. ಬಾಗಿಲುಗಳ ಅಗಲ 1 ಮೀಟರ್.

ಇನ್ನೆರಡು ತೊಂದರೆ. ಪಕ್ಕದ ಕೋಣೆಯ ಸದ್ದು ಗೋಡೆ ಇಲ್ಲದ ಹಾಗೆ ಸ್ಪಷ್ಟವಾಗಿ ಕೇಳುತ್ತೆ. ಕತ್ತಲ ಕಾರಿಡಾರ್‌ನಲ್ಲಿ ಟಾರ್ಚ್ ಬೆಳಕಿನ ಅಂಚಿಗೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣ್ತವೆ.

ಸ್ಟೀಮ್ (ಪಿಸಿ ಆಟ ಮಾರೋ ಆನ್‌ಲೈನ್ ಅಂಗಡಿ) ಪೇಜ್ ಯಾವಾಗ ತೆರೆಯೋದು, 75 ನಿಮಿಷದ ಆಟಕ್ಕೆ ರೀಫಂಡ್ ಹೊಡೆತ ಬೀಳುತ್ತಾ ಅನ್ನೋದನ್ನೂ ತಿಳಿದವರು ಹೇಳಿ.

---

ಗೂಬೆಕಣ್ಣು:

ಮೊದಲು ಬಾಗಿಲು ಸರಿಮಾಡಿ. ಚೌಕಟ್ಟಿಗೆ ಸಿಕ್ಕಿ ಒದ್ದಾಡೋ ದೆವ್ವವನ್ನ ಒಂದು ಸಲ ನೋಡಿದವರಿಗೆ ಆಮೇಲೆ ಏನು ಮಾಡಿದ್ರೂ ನಗುವೇ ಬರೋದು.

ದೆವ್ವ ಎಲ್ಲೆಲ್ಲಿ ನಡೀಬಹುದು ಅಂತ ತೋರಿಸೋ ಗೊಡೊದ ನ್ಯಾವಿಗೇಶನ್ ಮೆಶ್‌ನಲ್ಲಿ ಡೀಫಾಲ್ಟ್ ಸೆಲ್ ಸೈಜ್ (ನೆಲವನ್ನ ಅಳೆಯೋ ಚೌಕದ ಅಗಲ) 0.25 ಮೀಟರ್, ಏಜೆಂಟ್ ರೇಡಿಯಸ್ (ಗೋಡೆಯಿಂದ ಬಿಡೋ ಅಂತರ) 0.5. ನಿಮ್ಮ ಬಾಗಿಲು 1 ಮೀಟರ್. ಎರಡೂ ಕಡೆಯಿಂದ 0.5 ಕಳೆದರೆ ಉಳಿಯೋದು ಸೊನ್ನೆ, ಅದಕ್ಕೇ ಅಲ್ಲಿ ದಾರಿಯೇ ಹುಟ್ಟೋದಿಲ್ಲ. ರೇಡಿಯಸ್ 0.35ಕ್ಕೆ ಇಳಿಸಿದ್ರೂ ಪ್ರಯೋಜನ ಇಲ್ಲ: ಬೇಕ್ ಮಾಡುವಾಗ (ಮೆಶ್ ಲೆಕ್ಕಹಾಕಿ ತಯಾರಿಸುವಾಗ) ಅದನ್ನ ಸೆಲ್ ಸೈಜ್‌ನ ಮುಂದಿನ ಗುಣಕಕ್ಕೆ ಏರಿಸಿಬಿಡುತ್ತೆ, 0.35 ಮತ್ತೆ 0.5 ಆಗುತ್ತೆ. ಸೆಲ್ ಸೈಜ್ 0.1 ಮಾಡಿ, ರೇಡಿಯಸ್ 0.3 ಇಡಿ. 1 ಮೀಟರ್ ಬಾಗಿಲಲ್ಲಿ 0.4 ಮೀಟರ್ ದಾರಿ ಸಿಗುತ್ತೆ. ಆದರೆ ಆಟದಲ್ಲಿ ಬಾಗಿಲು 1.2 ಮೀಟರ್ ಇರೋದೇ ಒಳ್ಳೇದು. ಅಳತೆಯಲ್ಲಿ ದೊಡ್ಡದು ಅನ್ನಿಸಿದ್ರೂ ಫಸ್ಟ್ ಪರ್ಸನ್ ಕ್ಯಾಮೆರಾದಲ್ಲಿ ಸಹಜವಾಗೇ ಕಾಣುತ್ತೆ. ಸೆಲ್ ಸೈಜ್ 0.05ಕ್ಕೆ ಇಳಿಸೋ ಆಸೆ ಬೇಡ. 0.25ಕ್ಕೆ ಹೋಲಿಸಿದ್ರೆ ಸೆಲ್‌ಗಳು 25 ಪಟ್ಟು ಆಗ್ತವೆ, ಬೇಕ್ ಮುಗಿಯೋದನ್ನ ಕಾಯ್ತಾ ಕೂರಬೇಕು.

ಭುಜ ಉಜ್ಜೋದು ಬೇರೆ ಕಾಯಿಲೆ. ನ್ಯಾವಿಗೇಶನ್‌ಏಜೆಂಟ್3ಡಿಯಲ್ಲಿ ಪಾತ್ ಡಿಸೈರ್ಡ್ ಡಿಸ್ಟೆನ್ಸ್ ಡೀಫಾಲ್ಟ್ 1.0 ಇದೆ. ಅಂದ್ರೆ ದಾರಿಯ ಒಂದು ಬಿಂದು ಇನ್ನೂ 1 ಮೀಟರ್ ದೂರ ಇರುವಾಗಲೇ "ತಲುಪಿದೆ" ಅಂದುಕೊಂಡು ಮುಂದಿನ ಬಿಂದುವಿನ ಕಡೆ ತಿರುಗುತ್ತೆ. ಬಾಗಿಲ ಮೂಲೆಯಲ್ಲಿ ಹೀಗೆ ಅಡ್ಡ ಹಾಯ್ದರೆ ನೇರ ಚೌಕಟ್ಟಿಗೇ ಡಿಕ್ಕಿ. 0.3ಕ್ಕೆ ಇಳಿಸಿ. ಸೆಕೆಂಡಿಗೆ 4 ಮೀಟರ್ ಓಡಿದ್ರೂ, ಸೆಕೆಂಡಿಗೆ 60 ಟಿಕ್ (ಎಂಜಿನ್ ಲೆಕ್ಕ ಹಾಕೋ ಸರದಿ)‌ನಲ್ಲಿ ಒಂದು ಟಿಕ್‌ಗೆ 0.07 ಮೀಟರ್ ಅಷ್ಟೇ, ಬಿಂದು ದಾಟಿಹೋಗೋ ಭಯ ಇಲ್ಲ. ದೆವ್ವದ ಕ್ಯಾಪ್ಸೂಲ್ (ಡಿಕ್ಕಿ ಲೆಕ್ಕಕ್ಕೆ ಅದರ ಮೈಗೆ ಹಾಕೋ ಗುಳಿಗೆ ಆಕಾರ) ಕೊಲಿಶನ್ ರೇಡಿಯಸ್ ಕೂಡ 0.3 ಆಸುಪಾಸಲ್ಲೇ ಇರಲಿ. ಮೆಶ್ ಒಂದು ಅಳತೆ, ಕ್ಯಾಪ್ಸೂಲ್ ಇನ್ನೊಂದು ಅಳತೆ ಇರೋ ಪ್ರಾಜೆಕ್ಟ್‌ಗಳೇ ಜಾಸ್ತಿ.

ಬಾಗಿಲ ರೆಕ್ಕೆಯನ್ನ ಬೇಕ್‌ಗೆ ಸೇರಿಸಬೇಡಿ, ಬೇರೆ ಕೊಲಿಶನ್ ಲೇಯರ್‌ಗೆ ಹಾಕಿ. ಬಾಗಿಲ ಮುಂದೊಂದು ಏರಿಯಾ3ಡಿ (ಒಳಗೆ ಬಂದದ್ದನ್ನ ಗುರುತಿಸೋ ವಲಯ) ಇಟ್ಟು, ದೆವ್ವ ಅದರೊಳಗೆ ಬಂದ ಕೂಡಲೇ ನಿಲ್ಲಿಸಿ, 0.8 ಸೆಕೆಂಡ್ ಬಾಗಿಲು ತಳ್ಳೋ ಅನಿಮೇಶನ್ ಆಡಿಸಿ, ಆಮೇಲೆ ಒಳಗೆ ಬಿಡಿ. ಓಡ್ತಿರೋನಿಗೆ ಬೆನ್ನ ಹಿಂದಿನ ಬಾಗಿಲ ಸದ್ದಿಂದಲೇ ಅದು ಎಷ್ಟು ಹತ್ತಿರ ಇದೆ ಅಂತ ಗೊತ್ತಾಗುತ್ತೆ. ಚಿಲಕದ ಸದ್ದು, ಕೀಲಿನ ಕಿರಕ್, ರೆಕ್ಕೆ ಗೋಡೆಗೆ ಬಡಿಯೋದು, ಈ ಮೂರನ್ನೂ ಬೇರೆ ಬೇರೆ ಕ್ಲಿಪ್ ಮಾಡಿ.

ಇನ್ನು ದೆವ್ವ ಸಪ್ಪೆ ಆಗೋದು. "15 ಮೀಟರ್, ಕಂಡರೆ ಓಡು" ಅನ್ನೋ ನಿಯಮವನ್ನ ಆಟಗಾರ ಎರಡು ನಿಮಿಷದಲ್ಲಿ ಕಂಡುಹಿಡೀತಾನೆ. ನಿಯಮ ಗೊತ್ತಾದ ಮೇಲೆ ಅದು ದೆವ್ವ ಅಲ್ಲ, ಟ್ರಾಫಿಕ್ ಸಿಗ್ನಲ್. ಕಾಣೋದನ್ನ ಹೌದು ಅಥವಾ ಇಲ್ಲ ಅಂತ ಇಡದೆ, 0ಯಿಂದ 1ರವರೆಗೆ ತುಂಬೋ ಅಳತೆಯಾಗಿ ಇಡಿ. ಆಟಗಾರನ ತಲೆ, ಎದೆ, ಪಾದ ಮೂರಕ್ಕೂ ರೇಕಾಸ್ಟ್ (ನಡುವೆ ಏನಾದ್ರೂ ಅಡ್ಡ ಇದೆಯಾ ಅಂತ ನೋಡೋ ಕಾಣದ ಗೆರೆ) ಬಿಡಿ, ಎಷ್ಟು ತಾಗ್ತವೋ ಅಷ್ಟು ಬೇಗ ತುಂಬಲಿ. 3 ಮೀಟರ್‌ನಲ್ಲಿ 0.3 ಸೆಕೆಂಡಿಗೆ ತುಂಬಬೇಕು, 12 ಮೀಟರ್‌ನಲ್ಲಿ 2 ಸೆಕೆಂಡ್. ಬಗ್ಗಿ ನಡೆದರೆ ಅರ್ಧ ವೇಗ, ಟಾರ್ಚ್ ಹಚ್ಚಿದ್ರೆ ಎರಡರಷ್ಟು. 0.4 ದಾಟಿದ್ರೆ ತಲೆ ತಿರುಗಿಸಲಿ, 0.7ಕ್ಕೆ ಆ ಕಡೆ ನಡೆಯಲಿ, 1ಕ್ಕೆ ಓಡಲಿ. "ನೋಡ್ತಾ, ಇಲ್ವಾ?" ಅಂತ ಉಸಿರು ಹಿಡಿಯೋ ಆ ಒಂದು ಕ್ಷಣಕ್ಕಾಗಿಯೇ ಈ ಪಾಡೆಲ್ಲ.

ಕಣ್ಣಿಂದ ಮರೆಯಾದ ಕೂಡಲೇ ಗಸ್ತಿಗೆ ಕಳಿಸಬೇಡಿ. ಮರೆಯಾದ ಮೇಲೂ 1.5 ಸೆಕೆಂಡ್ ಆಟಗಾರನ ನಿಜವಾದ ಜಾಗ ದೆವ್ವಕ್ಕೆ ತಿಳಿದಿರಲಿ. ಮೋಸ ಹೌದು, ಆದರೆ ಇದಿಲ್ಲದಿದ್ರೆ ಮೂಲೆ ತಿರುಗಿದವನನ್ನ ಮರೆತು ಪೆದ್ದನ ಹಾಗೆ ನಿಲ್ಲುತ್ತೆ. ಆಮೇಲೆ ಕೊನೇ ಸಲ ಕಂಡ ಜಾಗದ ಸುತ್ತ ಮೂರು ಕಡೆ 20ರಿಂದ 30 ಸೆಕೆಂಡ್ ಹುಡುಕಾಟ.

ಇದರ ಮೇಲೆ ಇನ್ನೊಂದು ಪದರ ಬೇಕು. 2014ರ ಏಲಿಯನ್: ಐಸೊಲೇಶನ್ ಆಟದಲ್ಲಿ ಇರೋ ಹಾಗೆ: ಅಲ್ಲಿ ಪ್ರಾಣಿಗೆ ಆಟಗಾರ ಎಲ್ಲಿದ್ದಾನೆ ಅಂತ ಗೊತ್ತಿರೋದಿಲ್ಲ, ಎಲ್ಲಾ ಗೊತ್ತಿರೋ ಮೇಲ್ವಿಚಾರಕ ಕೋಡ್ "ಆ ಭಾಗಕ್ಕೆ ಹೋಗು" ಅಂತ ಸುಳಿವು ಮಾತ್ರ ಕೊಡುತ್ತೆ. ನಿಮಗೆ ಅಷ್ಟು ದೊಡ್ಡದು ಬೇಡ, ಒಂದೇ ವೇರಿಯಬಲ್ ಸಾಕು. ಒತ್ತಡ, 0ಯಿಂದ 100. ದೆವ್ವ 10 ಮೀಟರ್ ಒಳಗೆ ಕಾಣ್ತಿದ್ರೆ ಸೆಕೆಂಡಿಗೆ 8 ಏರಲಿ, ಬರೀ ಸದ್ದು ಕೇಳ್ತಿದ್ರೆ 3, ಎರಡೂ ಇಲ್ಲದಿದ್ರೆ 2 ಇಳೀಲಿ. ಬೆನ್ನಟ್ಟುವಾಗ ಲೆಕ್ಕ ನಿಲ್ಲಿಸಿ. ಬೆನ್ನಟ್ಟೋದು ಮುಗಿದ ಮೇಲೆ 100 ಮುಟ್ಟಿದ್ರೆ ದೆವ್ವವನ್ನ 60ರಿಂದ 90 ಸೆಕೆಂಡ್ ಕಟ್ಟಡದ ಇನ್ನೊಂದು ತುದಿಗೆ ಕಳಿಸಿ. 20ಕ್ಕಿಂತ ಕೆಳಗಿಳಿದ್ರೆ ಆಟಗಾರ ಇರೋ ಮಹಡಿಗೆ ಕರೆತನ್ನಿ, ಅವನಿರೋ ಕೋಣೆಗೇ ಬೇಡ. ಈ ಅಂಕಿಗಳು ಶುರುವಿಗೆ ಮಾತ್ರ, ನಿಮ್ಮ ಮ್ಯಾಪ್ ನೋಡಿಕೊಂಡು ತಿದ್ದಿ.

---

ಮಂದ್ರಸ್ಥಾಯಿ:

ಸೌಂಡ್ ಬಗ್ಗೆ. ಆಡಿಯೋಸ್ಟ್ರೀಮ್‌ಪ್ಲೇಯರ್3ಡಿಯಲ್ಲಿ ಅಟೆನ್ಯುಯೇಶನ್ ಫಿಲ್ಟರ್ (ದೂರದ ಸದ್ದನ್ನ ಮಂಕಾಗಿಸೋದು) ಅಂತ ಒಂದಿದೆ, ಡೀಫಾಲ್ಟ್ 5000 ಹರ್ಟ್ಸ್. ಗೋಡೆ ಅಡ್ಡ ಬಂದಾಗ ಅದನ್ನೇ ಇಳಿಸಿ ಕೆಲಸ ಮುಗಿಸೋಣ ಅಂತ ತುಂಬಾ ಜನ ನೋಡ್ತಾರೆ. ಆಗಲ್ಲ. ಅದರ ಪರಿಣಾಮ ದೂರಕ್ಕೆ ತಕ್ಕಂತೆ ಹೆಚ್ಚೋದು. ಗೋಡೆಯ ಆಚೆ ಎರಡೇ ಮೀಟರ್ ದೂರದಲ್ಲಿ ದೆವ್ವ ನಿಂತಿದ್ರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ, ಆದರೆ ನಿಮಗೆ ಬೇಕಿರೋದು ಸರಿಯಾಗಿ ಆ ಜಾಗದಲ್ಲೇ.

ದೆವ್ವಕ್ಕೆ ಬೇರೆ ಆಡಿಯೋ ಬಸ್ (ಸದ್ದು ಹಾದುಹೋಗೋ ಪ್ರತ್ಯೇಕ ಚಾನೆಲ್) ಮಾಡಿ, ಅದರಲ್ಲಿ ಲೋಪಾಸ್ ಫಿಲ್ಟರ್ (ಕಟಾಫ್ ಅನ್ನೋ ಮಿತಿಗಿಂತ ಮೇಲಿನ ತೀಕ್ಷ್ಣ ಸದ್ದನ್ನ ತಡೆಯೋದು) ಎಫೆಕ್ಟ್ ಹಾಕಿ. ಕಿವಿಯಿಂದ, ಅಂದ್ರೆ ಕ್ಯಾಮೆರಾದಿಂದ, ದೆವ್ವದ ತನಕ ಸೆಕೆಂಡಿಗೆ ಹತ್ತು ಸಲ ರೇಕಾಸ್ಟ್ ಬಿಡಿ, ಪ್ರತಿ ಫ್ರೇಮ್ ಬೇಡ. ಅಡ್ಡ ಇಲ್ಲದಿದ್ರೆ ಕಟಾಫ್ 20000 ಹರ್ಟ್ಸ್, ಒಂದು ಗೋಡೆ ಇದ್ರೆ 900 ಆಸುಪಾಸು, ಜೊತೆಗೆ 6 ಡೆಸಿಬೆಲ್ ಕಡಿಮೆ. ಒಂದೇ ಏಟಿಗೆ ಬದಲಿಸಿದ್ರೆ ಸ್ವಿಚ್ ಹಾಕಿದ ಹಾಗೆ ಕೇಳುತ್ತೆ, 0.2 ಸೆಕೆಂಡ್ ತಗೊಂಡು ಜಾರಿಸಿ. ದೆವ್ವ ಒಂದೇ ಇರೋದ್ರಿಂದ ನಿಮಗೆ ಒಂದೇ ಬಸ್ ಸಾಕು. ಹತ್ತು ಶತ್ರುಗಳಿದ್ದಿದ್ರೆ ಈ ಉಪಾಯ ಕೈಕೊಡ್ತಿತ್ತು.

ಬಾಗಿಲು ತೆರೆದಿದ್ದು ದೆವ್ವ ಮೂಲೆಯ ಆಚೆ ಇದ್ರೆ ನೇರ ರೇಕಾಸ್ಟ್ "ಗೋಡೆ" ಅಂತ ಸುಳ್ಳು ಹೇಳುತ್ತೆ. ಹಾಗಾಗಿ ನ್ಯಾವಿಗೇಶನ್ ದಾರಿಯ ಉದ್ದವನ್ನೂ ನೋಡಿ: ನೇರ ದೂರ 5 ಮೀಟರ್, ದಾರಿ 7 ಮೀಟರ್ ಅಂದ್ರೆ ಸದ್ದು ಬಾಗಿಲಿಂದ ಬರ್ತಿದೆ, ಕಟಾಫ್ 4000 ಸಾಕು. ದಾರಿ 25 ಮೀಟರ್ ಅಂದ್ರೆ ನಿಜವಾಗಿಯೂ ಗೋಡೆಯೇ. ಮುಚ್ಚಿದ ಬಾಗಿಲು ಮೆಶ್‌ನಲ್ಲಿ ಇರೋದಿಲ್ಲ ಅನ್ನೋದು ನೆನಪಿರಲಿ, ಅದನ್ನ ಬೇರೆಯಾಗಿ ಚೆಕ್ ಮಾಡ್ಬೇಕು.

ಜಾಗ ಗೊತ್ತಾಗಬೇಕಾದ ಪ್ರತಿ ಸದ್ದೂ ಮೋನೊ ಫೈಲ್ ಆಗಿರಲಿ. ಹೆಜ್ಜೆ ಸದ್ದು ಪ್ರತಿ ನೆಲಕ್ಕೆ ಕನಿಷ್ಠ ಆರು, ಆಡಿಯೋಸ್ಟ್ರೀಮ್‌ರ್‍ಯಾಂಡಮೈಸರ್‌ಗೆ ಹಾಕಿ ಪಿಚ್ 5% ಅತ್ತಿತ್ತ. ಆಟಗಾರನ ಹೆಜ್ಜೆಗೂ ದೆವ್ವದ ಹೆಜ್ಜೆಗೂ ಒಂದೇ ಕ್ಲಿಪ್ ಬಳಸಬೇಡಿ. ಬಳಸಿದ್ರೆ ಜನ ತಮ್ಮ ಹೆಜ್ಜೆಗೇ ಬೆಚ್ಚಿಬೀಳ್ತಾರೆ. ಮೊದಲೆರಡು ಸಲ ಚೆನ್ನಾಗೇ ಇರುತ್ತೆ, ಆಮೇಲೆ ಕಿವಿ ಯಾವ ಹೆಜ್ಜೆಯನ್ನೂ ನಂಬೋದಿಲ್ಲ, ನಿಮ್ಮ ಕೈಯಲ್ಲಿದ್ದ ದೊಡ್ಡ ಆಯುಧ ಹೋಯ್ತು.

ಸಾಮಾನ್ಯ ಸ್ಟೀರಿಯೊ ಪ್ಯಾನಿಂಗ್‌ನಲ್ಲಿ ಎಡ ಬಲ ಗೊತ್ತಾಗುತ್ತೆ, ಮುಂದೆ ಹಿಂದೆ ಗೊತ್ತಾಗಲ್ಲ. ಹೆಡ್‌ಫೋನ್‌ನಲ್ಲಿ ಅದೂ ಬೇಕಂದ್ರೆ ಸ್ಟೀಮ್ ಆಡಿಯೋ ಉಚಿತವಾಗಿ ಸಿಗುತ್ತೆ, ಗೊಡೊಗೆ ಸಮುದಾಯದವರು ಮಾಡಿದ ಎಕ್ಸ್‌ಟೆನ್ಶನ್ ಇದೆ. ಮೂರು ಜನರ ತಂಡ ಅದನ್ನ ಕೊನೆಗೆ ನೋಡಿದ್ರೆ ಸಾಕು.

ಕೊನೇದಾಗಿ, ಹಿನ್ನೆಲೆ ಗುಂಯ್ ಅನ್ನೋ ಡ್ರೋನ್ ಟ್ರ್ಯಾಕ್ ಇಡೀ ಆಟಕ್ಕೆ ಹಾಸಿದ್ದೀರಾ? ಹೆಚ್ಚಿನ ಹೊಸ ಹಾರರ್ ಗೇಮ್‌ಗಳಲ್ಲಿ ಇದೇ ಕಥೆ. ತೆಗೀರಿ. ಬದಲಿಗೆ ಕೋಣೆ ಕೋಣೆಗೂ ಕಾರಣ ಇರೋ ಸದ್ದು ಕೊಡಿ: ಟ್ಯೂಬ್‌ಲೈಟ್, ನಲ್ಲಿ, ಫ್ರಿಡ್ಜ್. ದೆವ್ವ ಮಹಡಿಗೆ ಬಂದಾಗ 3 ಸೆಕೆಂಡಲ್ಲಿ ಅವನ್ನೆಲ್ಲ 10 ಡೆಸಿಬೆಲ್ ಇಳಿಸಿ. ಯಾಕೆ ಭಯ ಆಗ್ತಿದೆ ಅಂತ ಆಟಗಾರನಿಗೆ ತಿಳಿಯೋದಿಲ್ಲ.

---

ಬಣ್ಣಗೇಡಿ:

ಪಟ್ಟೆಗೆ ಹೆಸರು ಬ್ಯಾಂಡಿಂಗ್. ಪರದೆಗೆ ಹೋಗೋದು ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, ನಿಮ್ಮ ಕತ್ತಲ ಕಾರಿಡಾರ್ ಅದರಲ್ಲಿ ಕೆಳಗಿನ ಇಪ್ಪತ್ತೋ ಮೂವತ್ತೋ ಮಾತ್ರ ಬಳಸುತ್ತೆ, ಹಾಗಾಗಿ ಒಂದೊಂದು ಮೆಟ್ಟಿಲೂ ಕಣ್ಣಿಗೆ ಹೊಡೆಯುತ್ತೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೆಂಡರಿಂಗ್, ಆಂಟಿ ಏಲಿಯಾಸಿಂಗ್, ಅದರೊಳಗೆ "ಯೂಸ್ ಡೀಬ್ಯಾಂಡಿಂಗ್" ಆನ್ ಮಾಡಿ. ಜೊತೆಗೆ ಸಣ್ಣ ಫಿಲ್ಮ್ ಗ್ರೇನ್ ಇದ್ರೆ ಉಳಿದದ್ದೂ ಮುಚ್ಚಿಹೋಗುತ್ತೆ.

ಟಾರ್ಚ್‌ಗೆ ಸ್ಪಾಟ್‌ಲೈಟ್3ಡಿಯ ಪ್ರೊಜೆಕ್ಟರ್‌ನಲ್ಲಿ ಒಂದು ಟೆಕ್ಸ್ಚರ್ ಕೊಡಿ: ನಡುವೆ ಬಿಳಿ, ಸುತ್ತ ಒಂದೆರಡು ಮಸುಕು ಬಳೆ, ಒಂದು ಕಡೆ ಸ್ವಲ್ಪ ಕಲೆ. ಹತ್ತು ನಿಮಿಷದ ಕೆಲಸ, ಬೆಳಕಿಗೆ ಕೂಡಲೇ ಜೀವ ಬರುತ್ತೆ. ನೆರಳು ಚೌಕಚೌಕವಾಗಿ ಕಂಡರೆ ಶ್ಯಾಡೋ ಅಟ್ಲಾಸ್ (ಎಲ್ಲಾ ನೆರಳುಗಳನ್ನ ಬರೆದಿಡೋ ಒಂದು ದೊಡ್ಡ ಚಿತ್ರ) ನೋಡಿ. ಅದು 4096 ಪಿಕ್ಸೆಲ್, ನಾಲ್ಕು ಭಾಗ, ಮೊದಲ ಭಾಗವನ್ನೇ ಮತ್ತೆ ನಾಲ್ಕು ನೆರಳಿಗೆ ಹಂಚಿರುತ್ತಾರೆ. ಅಂದ್ರೆ ಟಾರ್ಚ್‌ಗೆ ಸಿಗೋದು 1024. ಆ ಭಾಗವನ್ನ ಒಂದೇ ನೆರಳಿಗೆ ಬಿಟ್ಟರೆ 2048 ಆಗುತ್ತೆ.

ಪೂರ್ತಿ ಕಪ್ಪು ಬೇಡ. ಸುತ್ತಲಿನ ಬೆಳಕು ಸೊನ್ನೆ ಮಾಡಿದ್ರೆ ಆಟಗಾರ ಹೆದರೋದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಬ್ರೈಟ್‌ನೆಸ್ ಏರಿಸ್ತಾನೆ. ಬಾಗಿಲಿನ ಆಕಾರ ಕಾಣಲಿ, ಅದರೊಳಗೆ ಏನಿದೆ ಅಂತ ಕಾಣದಿರಲಿ. ಶುರುವಿನಲ್ಲಿ "ಈ ಚಿತ್ರ ಮಸುಕಾಗಿ ಕಾಣೋವರೆಗೂ ಸರಿಹೊಂದಿಸಿ" ಅನ್ನೋ ಪರದೆ ಇಡಿ. ಮಿನುಗೋ ಟ್ಯೂಬ್‌ಲೈಟ್ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿಂಚಬಾರದು, ಫೋಟೋಸೆನ್ಸಿಟಿವ್ ಅಪಸ್ಮಾರ ಇರೋವರಿಗೆ ಅಪಾಯ. ಮಿನುಗು ಪೂರ್ತಿ ನಿಲ್ಲಿಸೋ ಆಯ್ಕೆಯೂ ಇರಲಿ.

ದೆವ್ವದ ಎಐ (ಅದರ ನಡೆ ನಿರ್ಧರಿಸೋ ಕೋಡ್) ಬಗ್ಗೆ ಗೂಬೆಕಣ್ಣು ಅವರ ಸಲಹೆ ಸರಿಯೇ, ಆದರೆ ಒಂದು ತಕರಾರು. ದೆವ್ವ ಸಪ್ಪೆಯಾಗೋಕೆ ಕೋಡ್‌ಗಿಂತ ದೊಡ್ಡ ಕಾರಣ ಅದು ತುಂಬಾ ಹೊತ್ತು ಕಾಣೋದು. ಮೂರು ಜನ ಮಾಡಿದ ಮಾಡೆಲ್ ಐದು ಸೆಕೆಂಡ್ ದಿಟ್ಟಿಸೋದನ್ನ ತಡ್ಕೊಳ್ಳೋದಿಲ್ಲ, ಹೊಲಿಗೆ ಕಾಣುತ್ತೆ. 2010ರ ಅಮ್ನೀಷಿಯಾ ಆಟದಲ್ಲಿ ಪ್ರಾಣಿಯನ್ನ ನೋಡಿದ್ರೇ ಪಾತ್ರದ ಬುದ್ಧಿ ಕದಡುತ್ತೆ, ಪರದೆ ಕಲಕುತ್ತೆ, ಹಾಗಾಗಿ ಆಟಗಾರ ತಾನಾಗೇ ಕಣ್ಣು ತಿರುಗಿಸ್ತಾನೆ. 2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಒಬ್ಬರೇ ಮಾಡಿದ್ದು. ಅಲ್ಲಿ ಬೊಂಬೆ ನಡೆಯೋದು ಕಾಣೋದೇ ಅಪರೂಪ, ಒಂದು ಸಲ ನೋಡಿದಾಗ ಇಲ್ಲಿ, ಇನ್ನೊಂದು ಸಲ ನೋಡಿದಾಗ ಅಲ್ಲಿ. 2022ರ ಐರನ್ ಲಂಗ್‌ನಲ್ಲಂತೂ ಹೊರಗಿನದನ್ನ ನೋಡೋಕೆ ಸ್ಥಿರಚಿತ್ರ ತೆಗೀಬೇಕು. ಅನಿಮೇಶನ್ ಮಾಡೋ ಖರ್ಚೂ ಉಳೀತು, ಭಯವೂ ಹೆಚ್ಚಿತು. ನಿಮ್ಮ ಆಟದಲ್ಲಿ ಮೊದಲ 20 ನಿಮಿಷ ದೆವ್ವದ ಮುಖ ಕಾಣದ ಹಾಗೆ ನೋಡ್ಕೊಳ್ಳಿ: ಬೆನ್ನು, ಕೈ, ಬಾಗಿಲ ಗಾಜಿನ ಮೇಲೆ ನೆರಳು ಸಾಕು.

---

ಗೂಬೆಕಣ್ಣು:

ತಕರಾರು ಒಪ್ಪಿದೆ. ಆದರೆ ದೆವ್ವವನ್ನ ನೋಡಿದ್ರೆ ಬುದ್ಧಿ ಕದಡೋ ಮೀಟರ್ ಇಟ್ಟರೆ, ಅದನ್ನ ಪರದೆ ಮೇಲೆ ಬಾರ್ ಆಗಿ ತೋರಿಸಬೇಡಿ. ಬಾರ್ ಕಂಡ ಕೂಡಲೇ ಜನ ಅದನ್ನ ಬ್ಯಾಟರಿ ಥರ ಲೆಕ್ಕ ಹಾಕ್ತಾರೆ. ಸಾವಿನ ವಿಷಯವೂ ಅಷ್ಟೇ: ಒಂದೇ ಜಾಗದಲ್ಲಿ ಎರಡು ಸಲ ಸತ್ತರೆ ಮೂರನೇ ಸಲ ದೆವ್ವವನ್ನ ಬೇರೆ ಕಡೆ ಇಡಿ. ಮೂರನೇ ಸಲ ಅದೇ ಕಾರಿಡಾರ್ ನಡೆಯೋವನಿಗೆ ಭಯ ಇರಲ್ಲ, ಬೇಜಾರು ಇರುತ್ತೆ.

---

ಹಳೇಬಿಲ್ಡ್:

ಸ್ಟೀಮ್ ವಿಷಯ. ಪ್ರತಿ ಆಟಕ್ಕೆ 100 ಡಾಲರ್ ಶುಲ್ಕ, ಆಟ 1000 ಡಾಲರ್ ವಹಿವಾಟು ದಾಟಿದ ಮೇಲೆ ವಾಪಸ್ ಬರುತ್ತೆ. ಶುಲ್ಕ ಕಟ್ಟಿದ ಮೇಲೆ 30 ದಿನ ಬಿಡುಗಡೆ ಮಾಡೋ ಹಾಗಿಲ್ಲ, "ಶೀಘ್ರದಲ್ಲಿ" ಪೇಜ್ ಕನಿಷ್ಠ ಎರಡು ವಾರ ತೆರೆದಿರಬೇಕು. ಇವು ಕನಿಷ್ಠ ನಿಯಮ ಅಷ್ಟೇ. ಬಿಡುಗಡೆ ದಿನ ವಿಶ್‌ಲಿಸ್ಟ್‌ನಲ್ಲಿ ಇರೋವರಿಗೆ ಮೇಲ್ ಹೋಗುತ್ತೆ, ಆದ್ದರಿಂದ ತೋರಿಸೋಕೆ ಯೋಗ್ಯವಾದ ಐದು ಸ್ಕ್ರೀನ್‌ಶಾಟ್ ಮತ್ತು ಒಂದು ಟ್ರೈಲರ್ ಸಿದ್ಧವಾದ ದಿನವೇ ಪೇಜ್ ತೆರೆಯಿರಿ, ಆರು ತಿಂಗಳು ಮುಂಚೆಯಾದ್ರೂ ಸರಿ. ಪೇಜ್‌ಗೂ ಬಿಲ್ಡ್‌ಗೂ ಬೇರೆ ಬೇರೆ ಪರಿಶೀಲನೆ ಇದೆ. ಒಂದು ಸಲ ತಿರಸ್ಕರಿಸಿದ್ರೆ ಮತ್ತೆ ಸಾಲಲ್ಲಿ ನಿಲ್ಲಬೇಕು, ಹಾಗಾಗಿ ಬಿಡುಗಡೆಯ ವಾರ ಕಳಿಸೋ ಸಾಹಸ ಬೇಡ.

ನೆಕ್ಸ್ಟ್ ಫೆಸ್ಟ್ (ಬರಲಿರೋ ಆಟಗಳ ಡೆಮೊ ತೋರಿಸೋ ಸ್ಟೀಮ್ ಹಬ್ಬ) ವರ್ಷಕ್ಕೆ ಮೂರು ಸಲ, ಒಂದು ಆಟಕ್ಕೆ ಒಂದೇ ಅವಕಾಶ. ಬಿಡುಗಡೆಗೆ ಮುಂಚಿನ ಕೊನೇ ಫೆಸ್ಟ್‌ಗೆ ಇಟ್ಟುಕೊಳ್ಳಿ, ಡೆಮೊ ಅದಕ್ಕೂ ಮುಂಚೆಯೇ ಹೊರಗಿರಲಿ. ಡೆಮೊ 15 ನಿಮಿಷ ಸಾಕು, ದೆವ್ವ ಪೂರ್ತಿ ಕಾಣೋಕೆ ಮುಂಚೆ ಕಡಿದುಬಿಡಿ.

ರೀಫಂಡ್: ಕೊಂಡ 14 ದಿನದೊಳಗೆ, ಆಡಿದ ಸಮಯ ಎರಡು ಗಂಟೆಗಿಂತ ಕಡಿಮೆ ಇದ್ರೆ ಯಾರು ಬೇಕಾದ್ರೂ ಕೇಳಬಹುದು. 75 ನಿಮಿಷದ ಆಟ ಪೂರ್ತಿ ಮುಗಿಸಿ ಕೇಳೋವರೂ ಇರ್ತಾರೆ, ಅದನ್ನ ತಡೆಯೋಕಾಗಲ್ಲ. ಆದರೆ ಎರಡು ಗಂಟೆ ದಾಟಿಸೋಕೆ ಅಂತ ಕೀಲಿಕೈ ಹುಡುಕಾಟ ತುರುಕೋದು ಅದಕ್ಕಿಂತ ದೊಡ್ಡ ನಷ್ಟ. ಐರನ್ ಲಂಗ್ ಮುಗಿಯೋದು ಸುಮಾರು ಒಂದು ಗಂಟೆಯಲ್ಲೇ. ಪೇಜ್‌ನಲ್ಲೇ "ಒಂದೇ ಕೂತಿನಲ್ಲಿ ಆಡಿ ಮುಗಿಸೋ ಆಟ" ಅಂತ ಬರೀರಿ, ಬೆಲೆಯೂ ಅದಕ್ಕೆ ತಕ್ಕಂತಿರಲಿ. ಹಾರರ್‌ನಲ್ಲಿ ಹೆಚ್ಚು ರೀಫಂಡ್ ಬರೋದು ತಲೆಸುತ್ತಿಂದ: ನೋಟದ ಕೋನದ ಸ್ಲೈಡರ್, ತಲೆ ಅಲುಗೋದನ್ನ ನಿಲ್ಲಿಸೋ ಆಯ್ಕೆ, ಎರಡೂ ಮೊದಲ ದಿನವೇ ಇರಲಿ. ಗೊಡೊದ 75 ಡಿಗ್ರಿ ಲಂಬ ಕೋನ, 16:9 ಪರದೆಯಲ್ಲಿ ಅಡ್ಡಕ್ಕೆ ಸುಮಾರು 107 ಆಗುತ್ತೆ. ಬೇರೆ ಆಟಗಳಲ್ಲಿ ಅಡ್ಡ ಕೋನಕ್ಕೆ ಒಗ್ಗಿದವರು ಸ್ಲೈಡರ್‌ನಲ್ಲಿ 90 ಒತ್ತಿದ್ರೆ ಪರದೆ ಮೀನಿನ ಕಣ್ಣಾಗುತ್ತೆ, ಆದ್ದರಿಂದ ಸ್ಲೈಡರ್‌ನಲ್ಲಿ ಅಡ್ಡ ಕೋನವನ್ನೇ ತೋರಿಸಿ.

ಸ್ಟೋರ್‌ನ ಸಣ್ಣ ಚಿತ್ರ 462×174, ಅದೂ ಪಟ್ಟಿಯಲ್ಲಿ ಇನ್ನೂ ಕುಗ್ಗಿ ಕಾಣುತ್ತೆ. ಆಟದ ಹೆಸರು ಬಿಟ್ಟು ಬೇರೆ ಬರಹ ಹಾಕೋ ಹಾಗಿಲ್ಲ. ಹಾರರ್ ಅಂತ ಕಪ್ಪು ಮೇಲೆ ಕಡುಕೆಂಪು ಅಕ್ಷರ ಬರೆದ್ರೆ ಏನೂ ಓದೋಕಾಗಲ್ಲ.

ಪ್ಲೇಟೆಸ್ಟ್ ಬಗ್ಗೆ ಒಂದು ಮಾತು: ಒಬ್ಬ ವ್ಯಕ್ತಿ ಒಂದೇ ಸಲ ಸರಿಯಾಗಿ ಹೆದರೋದು. ಸಿಕ್ಕ ಹನ್ನೆರಡು ಜನರಿಗೂ ಒಂದೇ ಬಿಲ್ಡ್ ಕೊಟ್ಟು ಮುಗಿಸಬೇಡಿ, ಪ್ರತಿ ಬಿಲ್ಡ್‌ಗೆ ಮೂವರು ಹೊಸಬರು ಸಾಕು. "ಭಯ ಆಯ್ತಾ?" ಅಂತ ಕೇಳೋ ಬದಲು ಲಾಗ್ ಬರೆಸಿ: ನಿಮಿಷಕ್ಕೆ ಎಷ್ಟು ಸಲ ಹಿಂದೆ ತಿರುಗಿ ನೋಡಿದ್ರು, ಬಾಗಿಲ ಮುಂದೆ ಎಷ್ಟು ಸೆಕೆಂಡ್ ನಿಂತ್ರು. ನಿಲ್ಲೋದು ಕಡಿಮೆಯಾದ ನಿಮಿಷವೇ ನಿಮ್ಮ ಆಟ ಸಪ್ಪೆಯಾದ ನಿಮಿಷ.

---

ಮೂರನೇಮಹಡಿ:

ಎಲ್ಲರಿಗೂ ಧನ್ಯವಾದ. ಸೆಲ್ ಸೈಜ್ 0.1, ರೇಡಿಯಸ್ 0.3, ಪಾತ್ ಡಿಸ್ಟೆನ್ಸ್ 0.3 ಮಾಡಿದ್ವಿ, ಬಾಗಿಲಲ್ಲಿ ದಾರಿ ಬಂತು, ಉಜ್ಜೋದೂ ನಿಂತಿದೆ. ಆದರೆ ಈಗ ಔಟ್‌ಪುಟ್‌ನಲ್ಲಿ ಸೆಲ್ ಸೈಜ್ ಹೊಂದ್ತಿಲ್ಲ ಅನ್ನೋ ಎಚ್ಚರಿಕೆ ಬರ್ತಿದೆ, ಎರಡು ಮಹಡಿಯ ಮೆಶ್ ಸೇರೋ ಮೆಟ್ಟಿಲ ಹತ್ರ ದೆವ್ವ ನಿಂತುಬಿಡುತ್ತೆ.

---

ಗೂಬೆಕಣ್ಣು:

ನೀವು ಬದಲಿಸಿದ್ದು ಮೆಶ್‌ನ ಸೆಲ್ ಸೈಜ್. ಎಲ್ಲಾ ಮೆಶ್‌ಗಳನ್ನ ಜೋಡಿಸೋ ನ್ಯಾವಿಗೇಶನ್ ಮ್ಯಾಪ್‌ಗೆ ಬೇರೆ ಸೆಲ್ ಸೈಜ್ ಇದೆ, ಅದಿನ್ನೂ 0.25ರಲ್ಲೇ ಕೂತಿದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್, ನ್ಯಾವಿಗೇಶನ್, 3ಡಿ, "ಡೀಫಾಲ್ಟ್ ಸೆಲ್ ಸೈಜ್", ಅಲ್ಲೂ 0.1 ಹಾಕಿ. ಎರಡೂ ಒಂದೇ ಇಲ್ಲದಿದ್ರೆ ಅಕ್ಕಪಕ್ಕದ ಮೆಶ್‌ಗಳ ಅಂಚು ಸರಿಯಾಗಿ ಬೆಸೆಯೋದಿಲ್ಲ. ಆಮೇಲೆ ಎರಡೂ ಮಹಡಿಯನ್ನ ಮತ್ತೆ ಬೇಕ್ ಮಾಡಿ. ಸೆಲ್ ಹೈಟ್ ಕೂಡ ಡೀಫಾಲ್ಟ್ 0.25, ಅದನ್ನೂ ಎರಡೂ ಕಡೆ 0.1 ಮಾಡಿ, ಇಲ್ಲದಿದ್ರೆ 17 ಸೆಂಟಿಮೀಟರ್ ಮೆಟ್ಟಿಲನ್ನ ಅದು ಸರಿಯಾಗಿ ಅಳೆಯೋದಿಲ್ಲ. ಅಷ್ಟಾದ ಮೇಲೂ ನಿಂತರೆ ಮೆಟ್ಟಿಲಿನ ಕೊಲಿಶನ್‌ಗೆ ಒಂದು ಇಳಿಜಾರು ಹಲಗೆ ಇಟ್ಟು ಅದನ್ನೇ ಬೇಕ್‌ಗೆ ಕೊಡಿ, ಕಣ್ಣಿಗೆ ಕಾಣೋ ಮೆಟ್ಟಿಲು ಹಾಗೇ ಇರಲಿ.